ಸೋಡಾ ದ್ರಾವಣದ ಹಿಂದೆ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಕೋರ್ ಕಟ್ಟಿಕೊಳ್ಳುವುದೇಕೆ?

ಕಲ್ಲೆಣ್ಣೆ:
ಸೀಳಿರುವ ಸುಣ್ಣಕಲ್ಲಿನ ಕೋರ್ (ಕೊರೆದು ತೆಗೆದ ಬಂಡೆಯ ತುಂಡು), ಅದರಲ್ಲಿ 12 ಡಿಗ್ರಿ ಎಪಿಐ (ಎಣ್ಣೆಯ ಹಗುರತನದ ಅಳತೆ, ಅಂಕೆ ಇಳಿದಷ್ಟೂ ಎಣ್ಣೆ ಭಾರ) ಎಣ್ಣೆ. ಆ ಎಣ್ಣೆಯನ್ನು ಆಚೆ ತಳ್ಳಲು ನೋಡುತ್ತಿದ್ದೇನೆ. ಬರೀ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಸೀಳಿನಲ್ಲೇ ನುಗ್ಗಿ ಆಚೆ ಬಂದುಬಿಡುತ್ತದೆ. ಮೊದಲು ಶೇ. 1 ಸೋಡಿಯಂ ಕಾರ್ಬೊನೇಟ್ (ಸೋಡಾ ಎಂಬ ಕ್ಷಾರ) ಮತ್ತು 2,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಪಾಲಿಮರ್, ಅಂದರೆ ನೀರನ್ನು ಮಂದವಾಗಿಸುವ ಪುಡಿ, ಇರುವ ದ್ರಾವಣ, ಆಮೇಲೆ ಅನಿಲ ಬಿಟ್ಟರೆ ಒತ್ತಡ ಏರುತ್ತಾ ಹೋಗುತ್ತದೆ, ಎಣ್ಣೆ ಮಾತ್ರ ಹೆಚ್ಚು ಬರುವುದಿಲ್ಲ. ತಪ್ಪು ಕ್ಷಾರದ್ದೋ, ಕ್ರಮದ್ದೋ?

ಬಾವಿಕಟ್ಟೆ:
ಎರಡರದ್ದೂ. ಎಣ್ಣೆಯ ಆಮ್ಲಗಳಿಂದ ಸಾಬೂನು ಹುಟ್ಟಿಸಲೆಂದು ಕ್ಷಾರ ಹಾಕುತ್ತೀರಿ. ಹಿಂದೆಯೇ ಬರುವ ಅನಿಲ ಅದನ್ನು ಬೈಕಾರ್ಬೊನೇಟ್ ಮಾಡಿ, 11ರ ಆಸುಪಾಸಿನ ಪಿಎಚ್ ಅನ್ನು 8ಕ್ಕಿಂತ ಕೆಳಗೆ ಇಳಿಸುತ್ತದೆ. ಹಾಕಿದ್ದೂ ದಂಡ.

ಕಟ್ಟಿಕೊಳ್ಳುವ ಕಾರಣವನ್ನು ಒತ್ತಡದ ಗ್ರಾಫ್‌ನಲ್ಲೇ ಹುಡುಕಿ. ದ್ರಾವಣ ಬಿಡುವಾಗಲೇ ಏರಿದ್ದರೆ, ಕೋರಿನ ಉಪ್ಪುನೀರಿನ ಕ್ಯಾಲ್ಸಿಯಂ ಸೋಡಾದೊಂದಿಗೆ ಸೇರಿ ಗಸಿಯಾಗಿ ಕೂತಿರಬಹುದು. ಆ ಎರಡು ನೀರನ್ನು ಗಾಜಿನ ಸೀಸೆಯಲ್ಲಿ ಬೆರೆಸಿ ಒಂದು ರಾತ್ರಿ ಬಿಟ್ಟರೆ ಗೊತ್ತಾಗುತ್ತದೆ. ಅನಿಲದ ಹಂತದಲ್ಲಿ ಮಾತ್ರ ಏರಿದ್ದರೆ ಆಸ್ಫಾಲ್ಟೀನ್ (ಎಣ್ಣೆಯಲ್ಲಿರುವ ಟಾರಿನಂಥ ಭಾರದ ಅಂಶ) ಬೇರ್ಪಟ್ಟು ಕೂತಿದೆಯೆಂದು ಅನುಮಾನ. ಅದನ್ನು ಕರಗಿಸುವ ಟಾಲ್ಯೂಯಿನ್‌ ದ್ರಾವಕದಿಂದ ತೊಳೆದಾಗ ಹರಿವು ಮರಳಿದರೆ ಅದೇ. ಆಮ್ಲ ಹಾಯಿಸಿ ಪರೀಕ್ಷಿಸಬೇಡಿ, ಸುಣ್ಣಕಲ್ಲನ್ನೇ ತಿಂದು ಹೊಸ ದಾರಿ ಕೊರೆಯುತ್ತದೆ.

ಸೀಳುಬಂಡೆ:
ಕ್ಷಾರ ಹಾಕುವುದನ್ನೇ ಕೈಬಿಡಿ ಎನ್ನುವುದು ನನ್ನ ಮಾತು. ಇದೇ ಜಾತಿಯ ಎಣ್ಣೆ ಟರ್ಕಿಯ ಬಾತಿ ರಾಮಾನ್ ಎಣ್ಣೆ ಕ್ಷೇತ್ರದಲ್ಲಿದೆ: 12 ಡಿಗ್ರಿ ಎಪಿಐ, ಸೀಳಿದ ಸುಣ್ಣಕಲ್ಲು, ತಾನಾಗಿ ಬಂದದ್ದು ಶೇ. 2ಕ್ಕೂ ಕಡಿಮೆ. 1986ರಲ್ಲಿ ದೋದಾನ್ ಕ್ಷೇತ್ರದ ಕಾರ್ಬನ್ ಡೈಆಕ್ಸೈಡನ್ನು ಸುಮಾರು 90 ಕಿ.ಮೀ. ಪೈಪಿನಲ್ಲಿ ತಂದು ಬಿಡತೊಡಗಿದರು. ಅಲ್ಲಿ ಅನಿಲ ಎಣ್ಣೆಯೊಂದಿಗೆ ಪೂರ್ತಿ ಬೆರೆಯುವುದಿಲ್ಲ. ಒಂದಿಷ್ಟು ಕರಗಿ ಎಣ್ಣೆಯನ್ನು ಉಬ್ಬಿಸುತ್ತದೆ, ಸ್ನಿಗ್ಧತೆ ಇಳಿಸುತ್ತದೆ. ಅದಕ್ಕೆ ಸಮಯ ಬೇಕು, ಸೀಳು ಆ ಸಮಯ ಕೊಡುವುದಿಲ್ಲ. ಮುಂದೆ ಅವರೂ ಸೀಳು ಮುಚ್ಚಲು ಪಾಲಿಮರ್ ಜೆಲ್‌ಗೇ ಬಂದರು.

ಕಲ್ಲೆಣ್ಣೆ:
ಜೆಲ್ ಎಣ್ಣೆಯ ರಂಧ್ರಗಳನ್ನೂ ಮುಚ್ಚಿಬಿಡುವುದಿಲ್ಲವೇ ಸರ್? ಅಳತೆ ಎಷ್ಟು?

ಸೀಳುಬಂಡೆ:
ಅರ್ಧ ಗಟ್ಟಿಯಾದ ಮೇಲೆ ಬಿಟ್ಟರೆ ಸೀಳಿನಲ್ಲೇ ನಿಲ್ಲುತ್ತದೆ, ನೀರಷ್ಟೇ ಬಂಡೆಗೆ ಸೋರುತ್ತದೆ. 5,000 ಪಿಪಿಎಂ ಪಾಲಿಅಕ್ರಿಲಮೈಡ್ (ಪಾಲಿಮರ್ ಪುಡಿ), ಅದರ ಸರಪಳಿಗಳನ್ನು ಬೆಸೆದು ಜೆಲ್ ಮಾಡಲು 417 ಪಿಪಿಎಂ ಕ್ರೋಮಿಯಂ ಅಸಿಟೇಟ್, ಅಂದರೆ 12ಕ್ಕೆ 1. ನೀರು ಸುಳಿಯೆದ್ದು ತಿರುಗುವಾಗ ಸುಳಿಯ ಅಂಚಿಗೆ ಪುಡಿ ಉದುರಿಸಿ. ಒಮ್ಮೆಲೇ ಸುರಿದರೆ ಮುದ್ದೆಯಲ್ಲಿ ಗಂಟು ಬಿದ್ದ ಹಾಗೆ, ಆಮೇಲೆ ಏನು ಮಾಡಿದರೂ ಕರಗದು. ಬಳಿಕ ವೇಗ ತಗ್ಗಿಸಿ ರಾತ್ರಿಯಿಡೀ ತಿರುಗಿಸಿ. ಜೋರಾಗಿ ಕಡೆದರೆ ಪಾಲಿಮರ್ ಅಣುವಿನ ಸರಪಳಿ ತುಂಡಾಗುತ್ತದೆ. ಕ್ರೋಮಿಯಂ ಕೊನೆಗೆ. ಅದೇ ಮಿಶ್ರಣದ ಒಂದು ಸೀಸೆಯನ್ನು ಕೋರಿನ ಉಷ್ಣತೆಯಲ್ಲಿಟ್ಟು ಗಮನಿಸುತ್ತಿರಿ. ಓರೆ ಮಾಡಿದರೂ ಹರಿಯದಷ್ಟು ಗಟ್ಟಿಯಾಗುವವರೆಗೆ ಅನಿಲ ತಾಕಿಸಬೇಡಿ, ಆಮ್ಲೀಯ ನೀರಿನಲ್ಲಿ ಜೆಲ್ ಕೂಡಿಕೊಳ್ಳುವುದು ತಡ.

ಬಾವಿಕಟ್ಟೆ:
ಇನ್ನೊಂದು. ಪ್ರಯೋಗ ಮುಗಿದ ಮೇಲೆ ಒತ್ತಡವನ್ನು ನಿಧಾನ ಇಳಿಸಿ. ಸೋರಿಕೆ ತಡೆಯುವ ರಬ್ಬರ್ ಓ-ರಿಂಗ್ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡಿರುತ್ತದೆ; ಧಡಕ್ಕನೆ ಬಿಟ್ಟರೆ ಬೊಬ್ಬೆಯೆದ್ದು ಸೀಳುತ್ತದೆ. ಮುಂದಿನ ಸಲ ಸೋರಿಕೆಯನ್ನೇ ಅನಿಲ ಆಚೆ ಬಂತೆಂದು ಬರೆದುಕೊಳ್ಳುತ್ತೀರಿ.