ಹೈಡ್ರಿಲ್ಲಾ ಪೂರ್ತಿ ಕೀಳಿಸಿದ ಮೇಲೆ ಹೊಂಡದ ನೀರು ಹಸಿರಾಯ್ತು, ಬೆಳಗಿನ ಜಾವ ಮೀನು ಬಾಯಿ ಬಿಡುತ್ತಿವೆ. ಏನು ಮಾಡಲಿ?

ತೆಂಗಿನತೋಟ:
ಎಲ್ಲರಿಗೂ ನಮಸ್ಕಾರ. ಊರು ತಿಪಟೂರು ಕಡೆ. ತೋಟದಲ್ಲಿ 8 ಗುಂಟೆಯ ಮಣ್ಣಿನ ಹೊಂಡ ಇದೆ, ಪ್ಲಾಸ್ಟಿಕ್ ಹಾಸಿಲ್ಲ. ಆಳ ಐದಾರು ಅಡಿ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿ 700 ಮರಿ ಬಿಟ್ಟು ಏಳು ತಿಂಗಳಾಯ್ತು.

ತಳದ ತುಂಬಾ ಹೈಡ್ರಿಲ್ಲಾ ಅನ್ನುವ ನೀರಿನ ಗಿಡ ಬೆಳೆದು ಬಲೆ ಎಳೆಯಲು ಆಗುತ್ತಿರಲಿಲ್ಲ. ಹೋದ ತಿಂಗಳು ನಾಲ್ಕು ಆಳು ಕರೆದು ಒಂದೂ ಬಿಡದೆ ಕೀಳಿಸಿದೆ. ಮತ್ತೆ ಬರಬಾರದು ಅಂತ ಗಿಡ ಮೇಯುವ ಮೀನಾದ ಹುಲ್ಲುಗೆಂಡೆಯನ್ನೂ 60 ಬಿಟ್ಟೆ. ಮೊದಲು ದಡದಲ್ಲಿ ನಿಂತರೆ ಗಿಡದ ನಡುವೆ ಮೀನು ಓಡಾಡುವುದು ಕಾಣುತ್ತಿತ್ತು. ಈಗ ಮೂರೇ ವಾರದಲ್ಲಿ ಗೋರಂಟಿ ಸೊಪ್ಪು ಅರೆದು ಕದಡಿದ ಹಾಗಾಗಿದೆ. ನಿನ್ನೆ ಮೋಡ ಇತ್ತು, ಇವತ್ತು ಬೆಳಿಗ್ಗೆ 11 ಕಾಟ್ಲಾ ಸತ್ತು ತೇಲುತ್ತಿದ್ದವು. ದಯವಿಟ್ಟು ದಾರಿ ತೋರಿಸಿ.

ಅಡಿಕೆಸಾಲು:
ಅಣ್ಣಾ, ಪಾಚಿ ಜಾಸ್ತಿ ಆಗಿದೆ ಅಷ್ಟೇ. ಸ್ವಲ್ಪ ಮೈಲುತುತ್ತ ಕರಗಿಸಿ ಹಾಕಿ, ಎರಡು ದಿನಕ್ಕೆ ತಿಳಿಯಾಗುತ್ತದೆ. ಗಿಡ ತೆಗೆಸಿದ್ದು ಒಳ್ಳೆಯದೇ ಆಯ್ತು. ಅವೂ ರಾತ್ರಿ ಆಮ್ಲಜನಕ ಕುಡಿಯುತ್ತವೆ ಅಲ್ವಾ?

ಕೆರೆಅಂಚು:
ದಯವಿಟ್ಟು ಈಗ ಮೈಲುತುತ್ತ ಹಾಕಬೇಡಿ. ಇಷ್ಟೊಂದು ಪಾಚಿ ಒಟ್ಟಿಗೆ ಸತ್ತರೆ ಕೊಳೆಯಲು ಶುರುವಾಗುತ್ತದೆ. ಆ ಕೊಳೆತವೇ ಉಳಿದ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. 11 ಹೋಗಿದ್ದು 300 ಆಗಬಹುದು.

ಮೊದಲು ನಾಲ್ಕು ಮಾತು ಹೇಳಿ. ಮೀನು ಬಾಯಿ ಬಿಡುವುದು ಬೆಳಗಿನ ಜಾವ ಮಾತ್ರವಾ, ಮಧ್ಯಾಹ್ನವೂ ಉಂಟಾ? ಕೈಯನ್ನು ನೀರಿಗೆ ಇಳಿಸಿದರೆ ಅಂಗೈ ಎಲ್ಲಿಯವರೆಗೆ ಕಾಣುತ್ತದೆ? ಕಿತ್ತ ಗಿಡ ಎಲ್ಲಿ ಹಾಕಿದಿರಿ? ಸಗಣಿ, ತೌಡು ಎಷ್ಟು ಹಾಕುತ್ತಿದ್ದೀರಿ?

ತೆಂಗಿನತೋಟ:
ಬೆಳಿಗ್ಗೆ 5ರಿಂದ 7ರವರೆಗೆ ಮಾತ್ರ ಸರ್. ಬಿಸಿಲು ಏರಿದ ಮೇಲೆ ಕೆಳಗೆ ಹೋಗುತ್ತವೆ. ಅಂಗೈ ಒಂದು ಗೇಣಿಗೇ ಮಾಯ. ಗಿಡವನ್ನು ಏರಿ ಮೇಲೆ ರಾಶಿ ಹಾಕಿದ್ದೆ, ಮಳೆಗೆ ಕೊಳೆತು ರಸ ಹೊಂಡಕ್ಕೇ ಇಳಿದಿದೆ. ಸಗಣಿ ವಾರಕ್ಕೆ ನಾಲ್ಕು ಬುಟ್ಟಿ. ಹಿಂಡಿ, ತೌಡು ದಿನಾ. ಪಕ್ಕದ ಹಳ್ಳಿಯವರ ಕಿಟ್ ತಂದು ನೋಡಿದೆ. ಬೆಳಿಗ್ಗೆ 6ಕ್ಕೆ ಆಮ್ಲಜನಕ ಲೀಟರಿಗೆ 1.6 ಮಿಲಿಗ್ರಾಂ, ಸಂಜೆ 4ಕ್ಕೆ 13. ಸಂಜೆಯ ಪಿಎಚ್ 9.3.

ಕೆರೆಅಂಚು:
ಹಾಗಾದರೆ ಇದು ರೋಗ ಅಲ್ಲ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕಿಂತ ಇಳಿದರೆ ಗೆಂಡೆ ಜಾತಿಗೂ ಕಷ್ಟ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ. ಮೋಡದ ದಿನ ಹಗಲಿನ ಗಳಿಕೆಯೂ ಕಡಿಮೆ. ಸಂಜೆಯ ಪಿಎಚ್ ಏರಿದಾಗ ನೀರಿನ ಅಮೋನಿಯಾ ಕೂಡ ಮೀನಿಗೆ ಜಾಸ್ತಿ ವಿಷವಾಗುತ್ತದೆ.

ಇವತ್ತಿನಿಂದಲೇ ಸಗಣಿ, ಹಿಂಡಿ, ತೌಡು ನಿಲ್ಲಿಸಿ. ರಾತ್ರಿ 2ರಿಂದ ಬಿಸಿಲು ಬರುವವರೆಗೆ ಪಂಪ್ ಹಾಕಿ ಹೊಂಡದ ನೀರನ್ನೇ ಎತ್ತಿ ಮಳೆಯ ಹಾಗೆ ಬೀಳಿಸಿ. ಬೋರ್ ನೀರು ಬಿಡುವುದಾದರೂ ಪೈಪನ್ನು ಎತ್ತರಕ್ಕೆ ಕಟ್ಟಿ ಚಿಮ್ಮಿಸಿ, ಬೋರ್ ನೀರಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕಡಿಮೆ. ಕೊಳೆತ ರಾಶಿಯನ್ನು ತೆಂಗಿನ ಬುಡಕ್ಕೆ ಸಾಗಿಸಿ.

ಇನ್ನು ಮೂಲದ ವಿಷಯ. ನಾವು ಹೈಡ್ರಿಲ್ಲಾಕ್ಕೂ ನೀರನ್ನು ಹಸಿರು ಮಾಡುವ ಕಣಕ್ಕೂ ಪಾಚಿ ಅಂತ ಒಂದೇ ಹೆಸರು ಹೇಳಿಬಿಡುತ್ತೇವೆ. ಅಲ್ಲೇ ಎಡವಟ್ಟು. ಅವೆರಡೂ ಒಂದೇ ಗೊಬ್ಬರಕ್ಕೆ, ಒಂದೇ ಬಿಸಿಲಿಗೆ ಜಗಳ ಆಡುವ ದಾಯಾದಿಗಳು. ನಿಮ್ಮ ಸಗಣಿಯ ಸಾರಜನಕ, ರಂಜಕವನ್ನೆಲ್ಲ ಇಷ್ಟು ದಿನ ಗಿಡ ಹಿಡಿದಿಟ್ಟಿತ್ತು. ಬೇರು ಕೆಸರನ್ನು ಕಟ್ಟಿಹಾಕಿತ್ತು. ಎಲೆಗಳ ನಡುವೆ ನೀರು ನಿಂತು ಮಣ್ಣು ತಳಕ್ಕೆ ಕೂರುತ್ತಿತ್ತು. ನೀರು ಚಿಗಟಗಳು, ಅಂದರೆ ಪಾಚಿ ಮೇಯುವ ಚಿಕ್ಕ ಹುಳಗಳು, ಹಗಲು ಮೀನಿನ ಕಣ್ಣಿಗೆ ಬೀಳದೆ ಅದರೊಳಗೆ ಅಡಗುತ್ತಿದ್ದವು. ಒಂದೇ ದಿನದಲ್ಲಿ ಇಷ್ಟೂ ಹೋಯ್ತು. ಸಾಮಾನ್ಯ ಗೆಂಡೆ ಕೆಸರು ಕೆದಕಲು ಶುರು ಮಾಡಿತು, ಮಿಕ್ಕಿದ್ದು ಪಾಚಿಯ ಪಾಲಾಯ್ತು.

ಒಮ್ಮೆ ನೀರು ಕದಡಿದರೆ ಬೆಳಕು ತಳಕ್ಕೆ ಇಳಿಯುವುದಿಲ್ಲ. ಬೆಳಕಿಲ್ಲದೆ ಗಿಡ ಏಳುವುದಿಲ್ಲ, ಗಿಡ ಏಳದೆ ನೀರು ತಿಳಿಯಾಗುವುದಿಲ್ಲ. ಆಳವಿಲ್ಲದ ಕೆರೆಗಳು ಹೀಗೆ ತಿಳಿ ಅಥವಾ ಕದಡು, ಎರಡರಲ್ಲೊಂದು ಸ್ಥಿತಿಗೆ ಅಂಟಿಕೊಳ್ಳುತ್ತವೆ ಅಂತ ನೆದರ್‌ಲೆಂಡ್ಸ್‌ನ ಮಾರ್ಟೆನ್ ಶೆಫರ್ ಮತ್ತು ಜೊತೆಗಾರರು 1993ರಲ್ಲೇ ವಿವರಿಸಿದ್ದಾರೆ. ಸುಮ್ನೆ ಕಾಯುತ್ತಾ ಕೂತರೆ ಸರಿಹೋಗುವುದು ಕಷ್ಟ.

ಅಡಿಕೆಸಾಲು ಅವರ ಮಾತಲ್ಲೂ ಸತ್ಯ ಇದೆ. ಮೇಲಿನವರೆಗೆ ಗಿಡವೇ ತುಂಬಿಕೊಂಡರೆ ಬೆಳಗಿನ ಜಾವ ಅಲ್ಲೂ ಉಸಿರು ಕಟ್ಟುತ್ತದೆ. ಅದಕ್ಕೆ ನಾನು ನನ್ನ ಹೊಂಡದಲ್ಲಿ ಮೂರರಲ್ಲೊಂದು ಪಾಲು ಗಿಡಕ್ಕೆ ಬಿಟ್ಟು, ಹೆಚ್ಚಾದದ್ದನ್ನು ಆಗಾಗ ಕತ್ತರಿಸುತ್ತೇನೆ. ಹೈಡ್ರಿಲ್ಲಾದ ಒಂದು ತುಂಡು ಸಾಕು, ಮತ್ತೆ ಚಿಗುರುತ್ತದೆ. ಕೆಸರಲ್ಲಿ ಗೆಡ್ಡೆಯೂ ಇರುತ್ತದೆ. ಕತ್ತರಿಸಿದ್ದು ಕಾಲುವೆಗೆ ಹೋಗದಂತೆ ನೋಡಿಕೊಳ್ಳಿ.

ಅಡಿಕೆಸಾಲು:
ಇಷ್ಟು ತಿಳಿದಿರಲಿಲ್ಲ. ಮೈಲುತುತ್ತದ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೆ ಹುಲ್ಲುಗೆಂಡೆ ಇರುವಾಗ ಗಿಡ ಹೇಗೆ ಬದುಕುತ್ತದೆ?

ಕೆರೆಅಂಚು:
ಬದುಕುವುದಿಲ್ಲ. ಚಿಗುರು ಕಂಡ ಕೂಡಲೇ ಮೇಯುತ್ತವೆ. ಆದಷ್ಟು ಹುಲ್ಲುಗೆಂಡೆ ಹಿಡಿದು ತೆಗೆಯಿರಿ. ಆಮ್ಲಜನಕ ಸುಧಾರಿಸಿದ ಮೇಲೆ ಮಾತ್ರ ಬಲೆ ಹಾಕಿ, ಈಗಲೇ ಬೇಡ. ದಡದಲ್ಲಿ ಒಂದು ಅಡಿ ನೀರಿರುವ ಮೂಲೆಗೆ ಹಳೆ ಬಲೆ ಕಟ್ಟಿ ಗೆಂಡೆಗಳು ಒಳಗೆ ಬರದಂತೆ ಮಾಡಿ. ಅಲ್ಲಿ ರಿಬ್ಬನ್‌ನಂಥ ಎಲೆಯ ವ್ಯಾಲಿಸ್ನೇರಿಯಾ ನೆಡಿ. ಜೊತೆಗೆ ಸೆರಟೋಫಿಲ್ಲಂ ಬಿಡಿ. ಆ ಗಿಡಕ್ಕೆ ಬೇರುಗಳೇ ಇಲ್ಲ, ಊಟವೆಲ್ಲ ನೀರಿನಿಂದಲೇ. ಪಾಚಿಯ ಪಾಲನ್ನು ನೇರವಾಗಿ ಕಸಿಯುತ್ತದೆ.

ತೆಂಗಿನತೋಟ:
ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾಯ್ತು. ಪಂಪ್ ಹಾಕಿದ ಮೂರನೇ ದಿನದಿಂದ ಸಾವು ನಿಂತಿತು. 41 ಹುಲ್ಲುಗೆಂಡೆ ಸಿಕ್ಕವು, ಉಳಿದವು ತಪ್ಪಿಸಿಕೊಂಡಿವೆ. ಬಲೆಯ ಒಳಗೆ ವ್ಯಾಲಿಸ್ನೇರಿಯಾ ಹಬ್ಬಿದೆ. ಅಲ್ಲಿ ತಳ ಕಾಣುತ್ತದೆ, ಹೊರಗೆ ಇನ್ನೂ ತೆಳು ಹಸಿರು. ಈಗ ಕೈ ಇಳಿಸಿದರೆ ಅಂಗೈ ಮೊಣಕೈ ಆಳದವರೆಗೂ ಕಾಣುತ್ತದೆ. ಬೆಳಗಿನ 6ರ ಆಮ್ಲಜನಕ 4.2.

ಗಿಡದ ನಡುವೆ ಲೋಟ ಅದ್ದಿ ಎತ್ತಿದರೆ ರವೆಯಷ್ಟು ಗಾತ್ರದ ಹುಳಗಳು ಕುಪ್ಪಳಿಸುತ್ತಿವೆ. ಇವೇನಾ ಆ ನೀರು ಚಿಗಟ? ಬಲೆ ಯಾವಾಗ ಬಿಚ್ಚಲಿ?

ಕೆರೆಅಂಚು:
ಅವೇ! ಓದಿ ತುಂಬಾ ಖುಷಿಯಾಯ್ತು. ಬಲೆ ಈಗಲೇ ಬಿಚ್ಚಬೇಡಿ. ಹೊರಗಿನ ನೀರಲ್ಲೂ ಗಿಡ ತಾನಾಗಿ ಹಬ್ಬಲಿ, ಮಿಕ್ಕ 19 ಹುಲ್ಲುಗೆಂಡೆ ಸಿಗಲಿ. ಆಮೇಲೆ ಒಂದು ಬದಿ ಮಾತ್ರ ತೆಗೆದು ಎರಡು ವಾರ ನೋಡಿ.