ಸಹಾಯ ಬೇಕು: ವಲಸೆ ಮೀನುಗಾರರ ಮಾತು ಬರಹಕ್ಕಿಳಿಸಲು

ನಮಸ್ಕಾರ. ಬೆಂಗಳೂರಿನಲ್ಲಿ ಸಮಾಜಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೇನೆ. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ದುಡಿಯುವ ಆಂಧ್ರ, ಒಡಿಶಾದವರು ಕೋಮು ಉದ್ವಿಗ್ನತೆಯ ದಿನಗಳನ್ನು ಹೇಗೆ ಕಳೆಯುತ್ತಾರೆ ಎಂಬುದು ನನ್ನ ವಿಷಯ. ಊರಿನವರಿಗೆ ಬೆನ್ನಿಗೆ ಜಾತಿ, ಸಂಘ ಇವೆ. ಹೊರಗಿನಿಂದ ಬಂದವನಿಗೆ ಬೋಟು ನಡೆಸುವ ಮುಖ್ಯಸ್ಥ ತಾಂಡೇಲನೇ ಗತಿ. ಹೋಲಿಕೆಗೆ ಕೇರಳದ ಕಲ್ಲಿಕೋಟೆಯ ಮಾರಾಡ್ ಕಡಲತೀರವನ್ನು ಇಟ್ಟುಕೊಂಡಿದ್ದೇನೆ. ಅಲ್ಲಿ 2003ರ ಮೇ ತಿಂಗಳಲ್ಲಿ ಹತ್ಯಾಕಾಂಡ ನಡೆದದ್ದು ಅಕ್ಕಪಕ್ಕದಲ್ಲೇ ಬದುಕುತ್ತಿದ್ದ ಮೀನುಗಾರರ ನಡುವೆ.

ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಬಲೆ ಸರಿಪಡಿಸುತ್ತಾ ಹರಟುವವರು ನನ್ನ ಹರಕು ತೆಲುಗು ಕೇಳಿ ನಗುತ್ತಾರೆ. ಗಲಭೆಯ ಮಾತೆತ್ತಿದರೆ ಮೊಬೈಲಿನತ್ತ ನೋಡಿ ಸುಮ್ಮನಾಗುತ್ತಾರೆ. ಸಹಜವೇ.

ಬೆಂಗಳೂರಿನಲ್ಲಿರುವ, ತೆಲುಗು ಅಥವಾ ಒಡಿಯಾ ಬಲ್ಲ ಯಾರಾದರೂ ಧ್ವನಿಮುದ್ರಣಗಳನ್ನು ಕನ್ನಡಕ್ಕಿಳಿಸಿ ಕೊಡುವಿರಾ? ಸಂಭಾವನೆ ಕೊಡುತ್ತೇನೆ. ಹೇಳಿದವರ ಹೆಸರು ಎಲ್ಲೂ ಹೊರಬರಬಾರದು. ಜೂನ್ 1ರಿಂದ ಮೀನುಗಾರಿಕೆ ನಿಷೇಧ, ಬಹುತೇಕರು ಊರಿಗೆ ಹೊರಡುತ್ತಾರೆ, ಬೇಗ ತಿಳಿಸಿ. ರಾಜಕೀಯ ವಾದಕ್ಕೆ ಬರುವವರು ದಯವಿಟ್ಟು ಬೇಡ.