ಮುಖಕ್ಕೊಂದು, ಮೈಗೊಂದು ಸನ್‌ಸ್ಕ್ರೀನ್ ಬೇಕಾ? ಚರ್ಮವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 34 ವರ್ಷ. ಎಣ್ಣೆ ಚರ್ಮ, ಎರಡೂ ಕೆನ್ನೆ ಮೇಲೆ ಬಂಗು ಇದೆ. ಮೊದಲು ತಗೊಂಡ ಸನ್‌ಸ್ಕ್ರೀನ್ ಹಚ್ಚಿದರೆ ಮುಖಕ್ಕೆ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಈಗಿನದು ಸ್ವಲ್ಪ ಬೆವರಿದರೆ ಸಾಕು, ಕಣ್ಣಿಗಿಳಿದು ಉರಿಯುತ್ತದೆ. ಎಸ್‌ಪಿಎಫ್ 100 ಇರುವುದನ್ನು ತಗೊಳ್ಳೋಣ ಅಂತಿದ್ದೇನೆ. ನಂಬರ್ ಜಾಸ್ತಿ ಆದರೆ ಬಂಗು ಕಡಿಮೆ ಆಗುತ್ತಾ? ಮುಖಕ್ಕೆ ಹಚ್ಚುವುದನ್ನೇ ಕೈಕಾಲಿಗೂ ಹಚ್ಚಬಹುದಾ?

ಉತ್ತರ: ನಮಸ್ಕಾರ. ಬಂಗು ಇರುವವರು ಎಸ್‌ಪಿಎಫ್ ನಂಬರ್ ಒಂದನ್ನೇ ನೋಡಿ ಕೊಂಡರೆ ಸಾಲದು. ಆ ನಂಬರ್ ಮುಖ್ಯವಾಗಿ ಹೇಳುವುದು ಬಿಸಿಲಿನಲ್ಲಿರುವ ಯುವಿಬಿ ಕಿರಣದ ಬಗ್ಗೆ, ಅಂದರೆ ಚರ್ಮವನ್ನು ಕೆಂಪಗೆ ಸುಡುವ ಕಿರಣ. ಎಸ್‌ಪಿಎಫ್ 30 ಸುಮಾರು 97 ಪರ್ಸೆಂಟ್ ತಡೆಯುತ್ತದೆ, 50 ಇದ್ದರೆ 98, 100 ಇದ್ದರೆ 99. ನಂಬರ್ ದುಪ್ಪಟ್ಟಾದರೂ ಸಿಗುವುದು ಒಂದೊಂದು ಪರ್ಸೆಂಟ್ ಅಷ್ಟೇ. ಆದರೆ ಇದೆಲ್ಲ ಲ್ಯಾಬಿನಲ್ಲಿ ದಪ್ಪಗೆ ಹಚ್ಚಿದಾಗಿನ ಲೆಕ್ಕ. ನಾವು ಮನೆಯಲ್ಲಿ ಅಷ್ಟು ಹಚ್ಚುವುದಿಲ್ಲ, ಹಾಗಾಗಿ ನಿಮಗೆ 50 ಇರುವುದನ್ನೇ ಹೇಳುತ್ತೇನೆ. 100ರ ಹಿಂದೆ ಹೋಗಬೇಕಾಗಿಲ್ಲ.

ಇನ್ನು ಯುವಿಎ, ಬಿಸಿಲಿನಲ್ಲಿರುವ ಇನ್ನೊಂದು ಕಿರಣ. ಇದು ಯುವಿಬಿಯಷ್ಟು ಸುಡುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಚರ್ಮದ ಆಳಕ್ಕಿಳಿದು ಕಪ್ಪಾಗಿಸುತ್ತದೆ, ಸುಕ್ಕು ತರುತ್ತದೆ, ಮೋಡ ಕವಿದಿದ್ದರೂ ಬರುತ್ತದೆ, ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಇದನ್ನು ಎಷ್ಟು ತಡೆಯುತ್ತದೆ ಅಂತ ತಿಳಿಯಲು ಟ್ಯೂಬ್ ಮೇಲೆ 'ಪಿಎ' ಗುರುತು ನೋಡಿ. ಜಪಾನಿನಲ್ಲಿ ಶುರುವಾದ ಗುರುತು ಇದು. ಮುಂದೆ ಪ್ಲಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ನಾಲ್ಕು ಪ್ಲಸ್ ಅಂದರೆ ಅದರಲ್ಲಿ ಅತಿ ಹೆಚ್ಚು. ಯುರೋಪಿನ ಟ್ಯೂಬ್‌ಗಳಲ್ಲಿ ಪಿಎ ಬದಲು ಒಂದು ವೃತ್ತದೊಳಗೆ 'ಯುವಿಎ' ಅಂತ ಇರುತ್ತದೆ. ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇದೆ ಅಂತ ಅದರ ಅರ್ಥ. ಅಮೆರಿಕದ್ದಾದರೆ 'ಬ್ರಾಡ್ ಸ್ಪೆಕ್ಟ್ರಮ್' ಅಂತ ಬರೆದಿರುತ್ತಾರೆ, ಅಂದರೆ ಯುವಿಎ, ಯುವಿಬಿ ಎರಡನ್ನೂ ತಡೆಯುತ್ತದೆ ಅಂತ.

ಬಂಗಿನ ವಿಷಯದಲ್ಲಿ ಇನ್ನೊಂದಿದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮಂಥ ಗೋಧಿ, ಕಂದು, ಕಪ್ಪು ಮೈಬಣ್ಣದವರಲ್ಲಿ ಬಂಗನ್ನು ಕೆರಳಿಸುವುದು ಯುವಿ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು, ಅದರಲ್ಲೂ ಬಿಸಿಲಿನಲ್ಲಿರುವ ನೀಲಿ ಬೆಳಕು. ಮಾಮೂಲಿ ಸನ್‌ಸ್ಕ್ರೀನ್ ಎಷ್ಟೇ ದುಬಾರಿಯದಾದರೂ ಈ ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್, ಅಂದರೆ ಬಣ್ಣ ಬೆರೆಸಿದ 'ಟಿಂಟೆಡ್' ಸನ್‌ಸ್ಕ್ರೀನ್‌ಗಳಲ್ಲಿ ಇರುವ ಪುಡಿ. ಎಷ್ಟೋ ಜನ ವರ್ಷಗಟ್ಟಲೆ ತಪ್ಪದೆ ಸನ್‌ಸ್ಕ್ರೀನ್ ಹಚ್ಚಿ, ಕ್ರೀಮು, ಟ್ರೀಟ್‌ಮೆಂಟು ಅಂತ ಖರ್ಚು ಮಾಡಿ, ಬಂಗು ಹೋಗಲಿಲ್ಲ ಅಂತ ಬೇಜಾರಾಗಿ ಬರುತ್ತಾರೆ, ನೋಡಿದರೆ ಈ ಒಂದು ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ. ನೀವು ಟಿಂಟೆಡ್ ತಗೊಳ್ಳಿ. ಮೈಬಣ್ಣಕ್ಕೆ ಹೊಂದುವ ಛಾಯೆ ಸಿಕ್ಕಿದರೆ ಬಿಳಿ ಬಿಳಿ ಕಾಣುವ ತೊಂದರೆಯೂ ಅಲ್ಲಿಗೇ ಮುಗಿಯುತ್ತದೆ. ಎಣ್ಣೆ ಚರ್ಮ ಅಂದಿರಿ, ಹಾಗಾಗಿ ಜೆಲ್ ಅಥವಾ ತೆಳುವಾದ ಫ್ಲೂಯಿಡ್ ನೋಡಿ, ದಪ್ಪ ಕ್ರೀಮ್ ಬೇಡ.

ಕಣ್ಣುರಿಗೆ ಸಾಮಾನ್ಯವಾಗಿ ಕಾರಣ ಅವೊಬೆಂಜೋನ್ ಥರದ, ಯುವಿ ಕಿರಣವನ್ನು ಹೀರಿಕೊಳ್ಳುವ ಕೆಮಿಕಲ್ ಫಿಲ್ಟರ್‌ಗಳು ಬೆವರಿನ ಜೊತೆ ಹರಿದು ಬರುವುದು. ಕಣ್ಣಿನ ಸುತ್ತ ಮತ್ತು ಹುಬ್ಬಿನ ಮೇಲೆ ಕೆಮಿಕಲ್ ಫಿಲ್ಟರ್ ಬದಲು ಜಿಂಕ್ ಆಕ್ಸೈಡ್ ಅನ್ನೋ ಖನಿಜದ ಪುಡಿ ಮಾತ್ರ ಇರುವುದನ್ನು ಹಚ್ಚಿ ನೋಡಿ.

ಮೈಗೆ ಹಚ್ಚುವ ವಿಷಯ. ಹಚ್ಚಬಹುದು, ಏನೂ ಅಪಾಯ ಇಲ್ಲ. ಆದರೆ ನಾನು ಬೇಡ ಅನ್ನುತ್ತೇನೆ. ಒಬ್ಬ ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಎಂಎಲ್ ಬೇಕು. ಮುಖದ ಟ್ಯೂಬ್ ಹೆಚ್ಚಾಗಿ 50 ಎಂಎಲ್ ಇರುತ್ತದೆ, ಎರಡು ಸಲಕ್ಕೂ ಸಾಲುವುದಿಲ್ಲ. ಆಗ ಏನಾಗುತ್ತದೆ ಅಂದರೆ, ಖಾಲಿಯಾಗುತ್ತದೆ ಅನ್ನೋ ಭಯಕ್ಕೆ ಮುಖಕ್ಕೂ ಮೈಗೂ ಚೂರುಪಾರು ಹಚ್ಚುತ್ತೀರಿ, ಎರಡಕ್ಕೂ ರಕ್ಷಣೆ ಸಿಗುವುದಿಲ್ಲ. ಮೈಗೆ ದೊಡ್ಡ ಬಾಟಲಿಯ ಸಾದಾ ಲೋಷನ್ ಇಟ್ಟುಕೊಳ್ಳಿ, ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇರಬಾರದು, ಯುವಿಎ ಗುರುತು ಇರಬೇಕು. ಅದನ್ನು ಮುಖಕ್ಕೆ ಮಾತ್ರ ತರಬೇಡಿ, ಮೈಯ ಲೋಷನ್‌ಗಳು ಜಿಡ್ಡು ಜಾಸ್ತಿ, ನಿಮ್ಮ ಚರ್ಮಕ್ಕೆ ಮೊಡವೆ ಬರಬಹುದು.

ಪ್ರಶ್ನೆ (ಅವರದ್ದೇ): ತುಂಬಾ ಥ್ಯಾಂಕ್ಸ್ ಡಾಕ್ಟ್ರೇ, ಐರನ್ ಆಕ್ಸೈಡ್ ವಿಷಯ ಗೊತ್ತೇ ಇರಲಿಲ್ಲ. ಮುಖಕ್ಕೆ ಎಷ್ಟು ಹಚ್ಚಬೇಕು? ಆಫೀಸಿನಲ್ಲಿ ಕೂತಿದ್ದರೂ ಎರಡು ಗಂಟೆಗೊಮ್ಮೆ ಹಚ್ಚಲೇಬೇಕಾ?

ಉತ್ತರ: ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ. ಅದು ಮುಖ, ಕುತ್ತಿಗೆಗೆ ಬೇಕಾದಷ್ಟು. ಮೊದಲ ಸಲ ನೋಡಿದಾಗ ಇಷ್ಟೊಂದಾ ಅನ್ನಿಸುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಒಂದು ಗೆರೆ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಹಚ್ಚಿ. ಕಿವಿ ಮರೆಯಬೇಡಿ. ಹೊರಡುವ 15 ನಿಮಿಷ ಮೊದಲು ಹಚ್ಚಿದರೆ ಸರಿ.

ಎರಡು ಗಂಟೆಗೊಮ್ಮೆ ಅನ್ನುವುದು ಬಿಸಿಲಿನಲ್ಲಿ ಇರುವವರಿಗೆ. ಒಳಗೆ, ಕಿಟಕಿಯಿಂದ ದೂರ ಕೂರುವವರಾದರೆ ಬೆಳಿಗ್ಗೆ ಒಮ್ಮೆ ಸರಿಯಾಗಿ ಹಚ್ಚಿ, ಮತ್ತೆ ಹೊರಗೆ ಹೋಗುವ ಮೊದಲು ಒಮ್ಮೆ ಹಚ್ಚಿದರೆ ಸಾಕು. ಕಿಟಕಿ ಪಕ್ಕದ ಸೀಟಾದರೆ ಮಧ್ಯಾಹ್ನ ಇನ್ನೊಮ್ಮೆ ಬೇಕು. ಸಾಧ್ಯವಾದರೆ ಪರದೆ ಎಳೆದುಬಿಡಿ.

ಪ್ರಶ್ನೆ: ಸರ್/ಮೇಡಂ, ನನ್ನದು ದಿನವಿಡೀ ಬಿಸಿಲಿನಲ್ಲಿ ನಿಲ್ಲುವ ಕೆಲಸ. ಏನು ಹಚ್ಚಿದರೂ ಅರ್ಧ ಗಂಟೆಯಲ್ಲಿ ಬೆವರಿಗೆ ಹೋಗುತ್ತದೆ. ವಾಟರ್‌ಪ್ರೂಫ್ ಇರುವುದು ಯಾವುದಾದರೂ ಹೇಳಿ. ಸ್ಪ್ರೇ ಆದೀತಾ?

ಉತ್ತರ: ಪೂರ್ತಿ ವಾಟರ್‌ಪ್ರೂಫ್ ಆದದ್ದು ಯಾವುದೂ ಇಲ್ಲ ಅಣ್ಣ. ಅಮೆರಿಕದಲ್ಲಿ 2011ರ ನಿಯಮದ ಪ್ರಕಾರ ಟ್ಯೂಬ್ ಮೇಲೆ ಆ ಪದ ಹಾಕುವ ಹಾಗೇ ಇಲ್ಲ. 'ವಾಟರ್ ರೆಸಿಸ್ಟೆಂಟ್' ಅಂತಿರುವುದನ್ನು ತಗೊಳ್ಳಿ, ಪಕ್ಕದಲ್ಲಿ 40 ನಿಮಿಷ ಅಥವಾ 80 ನಿಮಿಷ ಅಂತ ಇರುತ್ತದೆ, ನೀರು, ಬೆವರಿನಲ್ಲೂ ಅಷ್ಟು ಹೊತ್ತು ರಕ್ಷಣೆ ಉಳಿಯುತ್ತದೆ ಅಂತ ಅರ್ಥ. ನಿಮಗೆ 80ರದ್ದೇ ಬೇಕು. ಬೆವರನ್ನು ಬಟ್ಟೆಯಿಂದ ಉಜ್ಜಿ ಒರೆಸಬೇಡಿ, ಒತ್ತಿ ತೆಗೆಯಿರಿ, ಉಜ್ಜಿದರೆ ಸನ್‌ಸ್ಕ್ರೀನೂ ಅದರ ಜೊತೆಗೇ ಹೋಗುತ್ತದೆ.

ಆದರೆ ಒಂದು ಮಾತು. ದಿನವಿಡೀ ಬಿಸಿಲಿನಲ್ಲಿ ದುಡಿಯುವವರಿಗೆ ಸನ್‌ಸ್ಕ್ರೀನ್ ಎರಡನೇ ಸಾಲಿನ ರಕ್ಷಣೆ, ಬಟ್ಟೆ ಮೊದಲನೆಯದು. ಒತ್ತಾಗಿ ನೇಯ್ದ ತುಂಬು ತೋಳಿನ ಅಂಗಿ, ಸುತ್ತಲೂ ಅಂಚಿರುವ ಟೋಪಿ ಹಾಕಿ. ಮುಂದೆ ಮಾತ್ರ ಅಂಚಿರುವ ಕ್ಯಾಪ್ ಕಿವಿ, ಕತ್ತಿನ ಹಿಂಭಾಗವನ್ನು ಕಾಯುವುದಿಲ್ಲ. ಬಟ್ಟೆ ಬೆವರಿಗೆ ಅಳಿಸಿ ಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ನೆನಪಿಡಬೇಕಾಗಿಲ್ಲ. ಆಗ ಸನ್‌ಸ್ಕ್ರೀನ್ ಬೇಕಾಗುವುದು ಮುಖ, ಕತ್ತು, ಕೈಯ ಮೇಲ್ಭಾಗಕ್ಕೆ ಮಾತ್ರ, ಅಷ್ಟಕ್ಕೆ ಧಾರಾಳವಾಗಿ ಹಚ್ಚಬಹುದು ಅಲ್ವಾ.

ಸ್ಪ್ರೇ ಬೇಡ. ಗಾಳಿಗೆ ಅರ್ಧ ಹಾರಿಹೋಗುತ್ತದೆ, ಎಷ್ಟು ಬಿತ್ತು ಅಂತಲೂ ತಿಳಿಯುವುದಿಲ್ಲ. ಮುಖಕ್ಕಂತೂ ನೇರವಾಗಿ ಹೊಡೆಯಲೇಬಾರದು, ಉಸಿರಿನೊಳಗೆ ಹೋಗುತ್ತದೆ.

ಪ್ರಶ್ನೆ: ಮೇಡಂ, ನನಗೆ 5 ವರ್ಷದ ಮಗ, 4 ತಿಂಗಳ ಪಾಪು. ಇಬ್ಬರಿಗೂ ಒಂದೇ ಬೇಬಿ ಸನ್‌ಸ್ಕ್ರೀನ್ ನಡೆಯುತ್ತಾ? ಕೆಮಿಕಲ್ ಇರುವುದು ರಕ್ತಕ್ಕೆ ಸೇರುತ್ತದೆ ಅಂತ ಓದಿ ಹೆದರಿಕೆಯಾಗಿದೆ.

ಉತ್ತರ: 6 ತಿಂಗಳು ತುಂಬುವವರೆಗೆ ಪಾಪುಗೆ ಸನ್‌ಸ್ಕ್ರೀನ್ ಬೇಡಮ್ಮ. ನೆರಳು, ತೆಳುವಾದ ಉದ್ದ ಬಟ್ಟೆ, ಟೋಪಿ ಸಾಕು. ಮಗನಿಗೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದು ಹಚ್ಚಿ, ಇವು ಚರ್ಮವನ್ನು ಕೆರಳಿಸುವುದು ಕಡಿಮೆ. 'ಬೇಬಿ' ಅಂತ ಬರೆದದ್ದೇ ಆಗಬೇಕೆಂದಿಲ್ಲ, ಹಿಂದುಗಡೆ ಪದಾರ್ಥಗಳ ಪಟ್ಟಿ ಓದಿ. ಸುವಾಸನೆ ಹಾಕದೇ ಇರುವುದಾದರೆ ಇನ್ನೂ ಒಳ್ಳೆಯದು.

ನೀವು ಓದಿದ್ದು ಸುಳ್ಳಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019 ಮತ್ತು 2020ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕೆಲವು ಕೆಮಿಕಲ್ ಫಿಲ್ಟರ್‌ಗಳು ಚರ್ಮದ ಮೂಲಕ ರಕ್ತದಲ್ಲಿ ಕಾಣಿಸಿಕೊಂಡವು. ಆದರೆ ರಕ್ತದಲ್ಲಿ ಕಂಡಿತು ಅಂದ ಮಾತ್ರಕ್ಕೆ ಹಾನಿ ಮಾಡಿತು ಅಂತಲ್ಲ, ಅದನ್ನು ಅವರೇ ಹೇಳಿದರು, ಸನ್‌ಸ್ಕ್ರೀನ್ ಬಿಡಬೇಡಿ ಅಂತಲೂ ಹೇಳಿದರು. ಮನಸ್ಸಿಗೆ ಸಮಾಧಾನ ಇಲ್ಲ ಅಂದರೆ ಜಿಂಕ್ ಇರುವುದನ್ನು ನೀವೂ ಬಳಸಿ. ಹೆದರಿ ಸುಮ್ನೆ ಪೂರ್ತಿ ಬಿಟ್ಟುಬಿಡುವುದು ಮಾತ್ರ ಬೇಡ.

ಪ್ರಶ್ನೆ: ನನ್ನ ಮಾಯಿಶ್ಚರೈಸರ್‌ನಲ್ಲಿ ಎಸ್‌ಪಿಎಫ್ 15, ಫೌಂಡೇಶನ್‌ನಲ್ಲಿ 20 ಇದೆ. ಒಟ್ಟು 35 ಆಯ್ತಲ್ಲ, ಬೇರೆ ಸನ್‌ಸ್ಕ್ರೀನ್ ಯಾಕೆ ಬೇಕು?

ಉತ್ತರ: ಹಾಗೆ ಕೂಡಿಸುವ ಹಾಗಿಲ್ಲ. ಫೌಂಡೇಶನ್‌ನಿಂದ ಬರೆದಷ್ಟು ರಕ್ಷಣೆ ಸಿಗಬೇಕಾದರೆ ಅದನ್ನೂ ಎರಡು ಬೆರಳಿನಷ್ಟು ಹಚ್ಚಬೇಕು, ಯಾರೂ ಹಚ್ಚುವುದಿಲ್ಲ. ಮೊದಲು ಮಾಯಿಶ್ಚರೈಸರ್, ಆಮೇಲೆ ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಮೇಕಪ್. ಸನ್‌ಸ್ಕ್ರೀನನ್ನು ಬೇರೆ ಯಾವುದರ ಜೊತೆಗೂ ಅಂಗೈಯಲ್ಲಿ ಕಲಸಿ ಹಚ್ಚಬೇಡಿ, ಸನ್‌ಸ್ಕ್ರೀನ್ ತೆಳುವಾಗಿಬಿಡುತ್ತದೆ.

ಪ್ರಶ್ನೆ: ಕೊನೆಯದು ಡಾಕ್ಟ್ರೇ. ಹೋದ ವರ್ಷದ ಬಾಟಲಿ ಕಾರಿನಲ್ಲೇ ಅರ್ಧ ಉಳಿದಿದೆ. ಎಕ್ಸ್‌ಪೈರಿ ಇನ್ನೂ ಆಗಿಲ್ಲ. ಬಳಸಬಹುದಾ?

ಉತ್ತರ: ಬೇಡ. ಡೇಟ್ ಇದ್ದರೂ ಬಿಸಿಲಿಗೆ ನಿಂತ ಕಾರಿನ ಕಾವಿಗೆ ಫಿಲ್ಟರ್‌ಗಳು ಹಾಳಾಗುತ್ತವೆ. ಕೆಲವೊಮ್ಮೆ ನೀರು ಬೇರೆ, ಎಣ್ಣೆ ಬೇರೆ ಆಗಿರುತ್ತದೆ, ವಾಸನೆ ಬದಲಾಗಿರುತ್ತದೆ, ಕೆಲವೊಮ್ಮೆ ನೋಡಲು ಸರಿಯಾಗೇ ಇರುತ್ತದೆ. ಎರಡೂ ಸಂದರ್ಭದಲ್ಲಿ ನಂಬುವ ಹಾಗಿಲ್ಲ. ಹೊಸದು ತಗೊಳ್ಳಿ, ಕಾರಿನಲ್ಲಿ ಬಿಡದೆ ನಿಮ್ಮ ಬ್ಯಾಗಿನಲ್ಲಿಟ್ಟುಕೊಳ್ಳಿ.